ಜಟಕಾ ಕುದುರೆಯೂ ಬಿಳಿ ಕಾರೂ

ಮೈಸೂರಿನ ಮೈದಾನವೊಂದರಲ್ಲಿ ದುಬಾರಿ ಕಾರಿನ ಕಂಪನಿಯವರು ಟೆಸ್ಟ್ ಡ್ರೈವ್ ಏರ್ಪಡಿಸಿದ್ದರು. ಬಂದವರು ಫೋಟೊ ತೆಗೆಸಿಕೊಳ್ಳಲೆಂದು ಬಾಗಿಲ ಬಳಿ ಒಂದು ಹಳೆಯ ಜಟಕಾವನ್ನೂ ನಿಲ್ಲಿಸಿದ್ದರು. ಅದಕ್ಕೆ ಕಟ್ಟಿದ್ದ ಮುದಿ ಕುದುರೆಯ ಹೆಸರು ಚಂದ್ರಿ.

ಪಕ್ಕದಲ್ಲಿ ಬಂದು ನಿಂತ ಬಿಳಿ ಕಾರು ಹೇಳಿತು: “ಬೆಳಗಿನಿಂದ ನನ್ನಲ್ಲಿ ಕೂತವರೆಲ್ಲ ಹೊಗಳಿದರು. ನಿಮ್ಮನ್ನು ಯಾರಾದರೂ ಹೀಗೆ ಹೊಗಳಿದ್ದುಂಟೇ, ಅಜ್ಜಿ?”

“ಇಲ್ಲಪ್ಪ. ನನ್ನ ಗಾಡಿ ಹತ್ತಿದವರಿಗೆಲ್ಲ ಮನೆ ಸೇರುವ ಅವಸರ,” ಎಂದಿತು ಚಂದ್ರಿ. ಹೇಳುತ್ತಲೇ ಅದಕ್ಕೆ ಹಳೆಯದು ನೆನಪಾಯಿತು. “ಒಮ್ಮೆ ಹೆರಿಗೆ ಆಸ್ಪತ್ರೆಯಿಂದ ಒಬ್ಬ ಬಾಣಂತಿಯನ್ನು ಕರೆತಂದೆ. ಕೂಸಿಗೆ ಎಚ್ಚರವಾಗಬಾರದೆಂದು ದಾರಿಯುದ್ದಕ್ಕೂ ಮೆಲ್ಲಗೆ ಹೆಜ್ಜೆ ಇಟ್ಟೆ. ಬಾಗಿಲಲ್ಲಿ ಕಾಯುತ್ತಿದ್ದ ಮನೆಯ ಹಿರಿಯಾಕೆ ಕೂಸಿಗೆ ದೃಷ್ಟಿ ತೆಗೆದು, ಆಮೇಲೆ ನನಗೂ ತೆಗೆದಳು. ಆ ಬಾಗಿಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀನು ಯಾರನ್ನು ಮನೆ ಮುಟ್ಟಿಸಿದೆ?”

ಕಾರು ಹೇಳಿತು: “ಯಾರನ್ನೂ ಇಲ್ಲ. ಹತ್ತಿದ ಜಾಗದಲ್ಲೇ ಎಲ್ಲರೂ ಇಳಿದುಹೋದರು.”

“ಇವತ್ತಲ್ಲದಿದ್ದರೆ ನಾಳೆ ಆದೀತು ಬಿಡು,” ಎಂದು ಚಂದ್ರಿ ಸಮಾಧಾನ ಹೇಳಿತು.

ಅಷ್ಟರಲ್ಲಿ ಇನ್ನೊಬ್ಬ ಯಜಮಾನರು ಬಂದು ಕಾರಿನಲ್ಲಿ ಕೂತರು. ಕಾರು ಮೆತ್ತಗೆ ಕೇಳಿತು: “ತಮ್ಮ ಮನೆ ಎಲ್ಲಿ, ಸ್ವಾಮಿ? ಅಲ್ಲಿಯವರೆಗೆ ಬಿಡಲೇ?”

“ಬೇಡ, ಮನೆಗೆ ಹೋಗಲು ನನ್ನದೇ ಕಾರಿದೆ,” ಎಂದರು ಅವರು. “ಇಲ್ಲೇ ಒಂದು ಸುತ್ತು ಹಾಕಿದರೆ ಸಾಕು.”

ಕಾರು ಸದ್ದಿಲ್ಲದೆ ಹೊರಟಿತು. ಅದು ಸುತ್ತು ಮುಗಿಸಿ ಬರುವವರೆಗೂ ಚಂದ್ರಿ, ಹೊರಗೆ ಹೋದ ಮಗುವಿಗೆ ಮನೆಯವರು ಕಾಯುವ ಹಾಗೆ, ಆ ಕಡೆಯೇ ನೋಡುತ್ತ ನಿಂತಿತು.