ಹೂಂಗುಟ್ಟುವವರಿಲ್ಲದ ಪುರಾಣ

ಕೆಮ್ಮಣ್ಣಹಾಳದಲ್ಲಿ ಕುಂಬಾರರ ಆವಿಗೆಯ ಪಕ್ಕ ಒಂದು ಚಪ್ಪರ. ಮಡಕೆ ಸುಡಲು ತಂದ ಸೌದೆ, ಕುಳ್ಳು ನೆನೆಯಬಾರದೆಂದು ಹಾಕಿದ್ದು. ಅದರ ಒಂದು ಮೂಲೆಯಲ್ಲಿ ಶ್ರೀ ಸಾಂಬಲಿಂಗಜ್ಜನವರು ಇರುತ್ತಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟೋ ಸಲ ಕೇಳಿಕೊಂಡರು. ಪೂಜ್ಯರು ಒಪ್ಪಲಿಲ್ಲ. ಆವಿಗೆ ಹೊತ್ತಿಸಿದ ದಿನ ಚಪ್ಪರದ ತುಂಬ ಹೊಗೆ. ಆಗಲೂ ಅಲ್ಲೇ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಬಂದವರು ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಅಜ್ಜನವರು ಕೇಳುತ್ತಿದ್ದರು. ಅವರು ಆಡುವ ಮಾತು ಕಡಿಮೆ. ಎದ್ದು ಹೋಗುವವರನ್ನು ತಡೆದು, ಅಜ್ಜನವರು ಏನು ಅಪ್ಪಣೆ ಕೊಟ್ಟರು ಎಂದು ಕೇಳಿದರೆ, ಅವರಿಗೆ ನೆನಪೇ ಆಗುತ್ತಿರಲಿಲ್ಲ. ಆದರೂ ಹಗುರಾಗಿ ಹೋಗುತ್ತಿದ್ದರು.

ಒಂದು ಶ್ರಾವಣದ ಮಾತು. ಆ ವರ್ಷ ಊರ ಗುಡಿಯಲ್ಲಿ ಪುರಾಣ ಹೇಳಲು ಸದ್ಯೋಜಾತಯ್ಯ ಶಾಸ್ತ್ರಿಗಳು ಬಂದರು. ವಯಸ್ಸು ಚಿಕ್ಕದು. ಓದು ದೊಡ್ಡದು. ಕಂಠವೂ ಒಳ್ಳೆಯದೇ. ಅವರ ತಂದೆ ಆ ಸೀಮೆಯಲ್ಲಿ ಹೆಸರಾದ ಪುರಾಣಿಕರು, ಈ ಊರಿಗೂ ಪ್ರತಿ ಶ್ರಾವಣಕ್ಕೆ ಬರುತ್ತಿದ್ದವರು. ಅವರು ತೀರಿಕೊಂಡ ಮೇಲೆ ಮಗ ಗದ್ದಿಗೆ ಏರಿದ ಮೊದಲ ಊರು ಇದೇ.

ಆ ಊರಿನ ಜನ ಪುರಾಣವನ್ನು ಸುಮ್ಮನೆ ಕೇಳುವವರಲ್ಲ. ಹೇಳುವವರು ಒಂದು ಮಾತು ಮುಗಿಸಿದರೆ ಕೇಳುವವರು ಹೂಂಗುಟ್ಟಬೇಕು. ಅದಕ್ಕೆಂದೇ ಒಬ್ಬರು ಮುಂದೆ ಕೂಡುತ್ತಾರೆ. ಹಿಂದಿನವರು ದನಿಗೂಡಿಸುತ್ತಾರೆ. ಶಾಸ್ತ್ರಿಗಳು ಮೊದಲ ದಿನವೇ ಅದನ್ನು ನಿಲ್ಲಿಸಿದರು. ಇದೇನು ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಗುಬ್ಬಿಯ ಕಥೆಯೇ, ಶಾಸ್ತ್ರ ನಡೆಯುವಾಗ ನಡುವೆ ಸದ್ದು ಕೂಡದು ಎಂದರು. ಜನ ಬಾಯಿ ಮುಚ್ಚಿಕೊಂಡರು.

ಬಾಯಿ ಮುಚ್ಚಿಕೊಂಡ ಜನರ ಮುಂದೆ ಮಾತಾಡುವುದು ಎಷ್ಟು ಕಷ್ಟ ಎಂಬುದು ಶಾಸ್ತ್ರಿಗಳಿಗೆ ಆಮೇಲೆ ತಿಳಿಯಿತು. ಹೇಳಿದ್ದು ಮುಟ್ಟಿತೋ ಇಲ್ಲವೋ, ಎದುರಿನ ಮುಖ ನೋಡಿದರೆ ಏನೂ ಗೊತ್ತಾಗದು. ಹೆದರಿಕೆಯಾಯಿತು. ಹೆದರಿಕೆಯಾದಷ್ಟೂ ದನಿ ಏರಿಸಿದರು. ಕಣ್ಣನ್ನು ಜನರ ತಲೆಯ ಮೇಲಿನ ತೊಲೆಯಲ್ಲಿ ನೆಟ್ಟರು. ಶ್ಲೋಕದ ಮೇಲೆ ಶ್ಲೋಕ. ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದಿದೆ ಎಂದು ಎದ್ದರು. ಗಂಡಸರಿಗೆ ಎಲೆ ಅಡಿಕೆಯ ನೆಪ. ಬಾವಿಯ ಕಟ್ಟೆಯ ಮೇಲೆ ನೀಲವ್ವ ಎಂಬಾಕೆ ಆಡಿದ ಮಾತು ಶಾಸ್ತ್ರಿಗಳ ಕಿವಿಗೇ ಬಿತ್ತು.

"ಶಾಸ್ತ್ರಿಗಳು ತೊಲಿ ಕೂಡ ಮಾತಾಡತಾರವ್ವ. ನಡುವ ನಾವ್ಯಾಕ? ಅವರಿಬ್ಬರೂ ಏನರ ಮಾತಾಡಿಕೊಳ್ಳಲಿ."

ಆ ಸಂಜೆ ದೇಹ ಅನಿತ್ಯ ಎಂಬ ವಿಷಯ ನಡೆದಿತ್ತು. ಗಡಿಗೆ ಒಡೆದರೆ ಕುಂಬಾರ ಅಳುತ್ತಾನೆಯೇ, ಇನ್ನೊಂದು ಮಾಡಿಕೊಳ್ಳುತ್ತಾನೆ, ದೇಹವೂ ಹಾಗೆಯೇ ಎಂದರು ಶಾಸ್ತ್ರಿಗಳು. ಕುಂಬಾರರ ಊರು, ಜನ ಮೆಚ್ಚುತ್ತಾರೆ ಎಂದು ಹುಡುಕಿ ತಂದ ಮಾತು ಅದು. ಮುಂದೆ ಕೂತಿದ್ದ ತಿಪ್ಪಣ್ಣ ಎಂಬ ಮುದಿ ಕುಂಬಾರ ಎದ್ದು ನಿಂತ. ಧೋತರ ಕೊಡವಿಕೊಂಡು ಹೊರಟ. ಶಾಸ್ತ್ರಿಗಳಿಗೆ ಸಿಟ್ಟು ತಡೆಯಲಾಗಲಿಲ್ಲ.

"ಹೋಗು, ಹೋಗು. ವೈರಾಗ್ಯದ ಮಾತು ಎಲ್ಲರಿಗೂ ದಕ್ಕುವುದಿಲ್ಲ."

ತಿಪ್ಪಣ್ಣ ತಿರುಗಿ ನೋಡಲಿಲ್ಲ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಗುಡಿಯ ಪಡಸಾಲೆ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಊರ ಹಿರಿಯ ಬಸಲಿಂಗಪ್ಪ ಬಿಡಾರಕ್ಕೆ ಬಂದ. ಮಾತು ಮೆತ್ತಗೇ ಇತ್ತು. ಇವತ್ತೂ ಜನ ಕೂಡದಿದ್ದರೆ ಪುರಾಣ ಇಲ್ಲಿಗೆ ಸಾಕು, ಗಾಡಿ ಕಟ್ಟಿಸಿ ಕಳಿಸಿಕೊಡುತ್ತೇವೆ ಎಂದ. ಮಂಗಳವಾಗದೆ ನಡುವೆ ನಿಂತ ಪುರಾಣ ಎಂದರೆ ಪುರಾಣಿಕನ ಪಾಲಿಗೆ ಎಲ್ಲ ಮುಗಿದಂತೆ. ಆಮೇಲೆ ಯಾವ ಊರೂ ಕರೆಯುವುದಿಲ್ಲ. ತಂದೆ ಬಿಟ್ಟುಹೋದ ಗದ್ದಿಗೆ ಅಲ್ಲಿಗೆ ಕೊನೆ.

ಶಾಸ್ತ್ರಿಗಳು ಚಪ್ಪರಕ್ಕೆ ಹೋದರು. ಅಜ್ಜನವರ ಮೇಲೆ ಅವರಿಗೆ ಭಕ್ತಿ ಇರಲಿಲ್ಲ. ಅಕ್ಷರ ಬಾರದ ಮುದುಕರು ಎಂದೇ ಎಣಿಸಿದ್ದರು. ಆದರೆ ಊರು ಅವರ ಮಾತು ಮೀರುವುದಿಲ್ಲ ಎಂದು ಕೇಳಿದ್ದರು. ಎಲ್ಲರೂ ಪುರಾಣಕ್ಕೆ ಹೋಗಿರಿ ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಸಾಕಾಗಿತ್ತು.

ನಿಂತೇ ಹೇಳಲು ಶುರುಮಾಡಿದರು. ತಮ್ಮ ಓದು, ತಂದೆಯವರ ಹೆಸರು, ಈ ಜನರ ಅಜ್ಞಾನ. ಅಜ್ಜನವರ ಕೈಯಲ್ಲಿ ಹಗ್ಗ ನಿಂತಿತ್ತು. ಅವರು ಶಾಸ್ತ್ರಿಗಳ ಮುಖವನ್ನೇ ನೋಡುತ್ತ ಹೂಂ ಎನ್ನುತ್ತಿದ್ದರು. ಅವಸರದ ಹೂಂ ಅಲ್ಲ. ಹೇಳುವವರು ಹೇಳಿ ಮುಗಿಸಿದ ಮೇಲಿನ ಹೂಂ. ಮಾತು ಯಾವಾಗ ಬೇರೆ ಕಡೆ ಹೊರಳಿತೋ ಶಾಸ್ತ್ರಿಗಳಿಗೇ ತಿಳಿಯಲಿಲ್ಲ. ನಿಂತವರು ಕೂತುಬಿಟ್ಟಿದ್ದರು. ಗದ್ದಿಗೆ ಏರಿದರೆ ಜನರ ಮುಖ ನೋಡಲು ಹೆದರಿಕೆ ಎಂದರು. ತಂದೆ ಸತ್ತ ದಿನ ತಾವು ಚಿಕ್ಕ ಮಗುವಿನ ಹಾಗೆ ಅತ್ತದ್ದನ್ನು ಹೇಳಿದರು. ಅದು ಯಾರ ಮುಂದೆಯೂ ಆಡಿದ ಮಾತಲ್ಲ.

ಆಗ ಅಜ್ಜನವರು ಹೇಳಿದರು:

"ಕಲ್ಲವ್ವ ಅಂತ ಒಬ್ಬಾಕಿ ಇದ್ದಳಪ್ಪ. ತಿಪ್ಪಣ್ಣನ ಹೆಂಡತಿ. ನಿಮ್ಮ ತಂದೆಯವರ ಪುರಾಣಕ್ಕ ಮುಂದ ಕೂತು ಹೂಂ ಅಂತಿದ್ದಾಕಿ ಅಕಿನ. ಹೋದ ತಿಂಗಳ ಮಣ್ಣು ಕೊಟ್ಟೇವಿ."

ತಾವು ಆಡಿದ ಗಡಿಗೆಯ ಮಾತು ಶಾಸ್ತ್ರಿಗಳ ಎದೆಗೆ ಬಂದು ಬಡಿಯಿತು.

"ಹೋಗಿ ಅವನ ಕೂಡ ಕೂಡ್ರಿ. ನೀವೇನೂ ಹೇಳಬ್ಯಾಡ್ರಿ. ಹೂಂ ಅನ್ರಿ, ಸಾಕು."

ಅಷ್ಟು ಹೇಳಿ ಪೂಜ್ಯರು ಹಗ್ಗ ಎತ್ತಿಕೊಂಡರು. ಜನರನ್ನು ಕೂಡಿಸುವ ಮಾತು ಆಡಲೇ ಇಲ್ಲ.

ತಿಪ್ಪಣ್ಣ ತಿಗರಿಯ ಮುಂದೆ ಕೂತಿದ್ದ. ತಿಗರಿ ತಿರುಗುತ್ತಿರಲಿಲ್ಲ. ಹದ ಮಾಡಿಟ್ಟ ಮಣ್ಣು ಅರಿವೆಯ ಕೆಳಗೆ ಒಣಗುತ್ತಿತ್ತು. ಶಾಸ್ತ್ರಿಗಳನ್ನು ಕಂಡು ಮುಖ ಬಿಗಿದುಕೊಂಡ.

"ಬರ್ರಿ. ಇಲ್ಲಿ ಗದ್ದಿಗಿ ಇಲ್ಲ. ನೆಲದ ಮ್ಯಾಲ ಕೂಡ್ರಬೇಕಾಕ್ಕೈತಿ."

ಕೂತರು. ಸಮಾಧಾನದ ಶ್ಲೋಕ ಮೇಲಿಂದ ಮೇಲೆ ಗಂಟಲಿಗೆ ಬಂತು. ಶಾಸ್ತ್ರಿಗಳು ನುಂಗಿಕೊಂಡರು. ತಪ್ಪಾಯಿತು ಎನ್ನಬೇಕು ಅನ್ನಿಸಿತು. ಹಾಗೆಂದರೆ ಮತ್ತೆ ತಮ್ಮದೇ ಮಾತಾಗುತ್ತದೆ ಎಂದು ಅದನ್ನೂ ತಡೆದರು.

ಕೊನೆಗೆ ತಿಪ್ಪಣ್ಣನೇ ಬಾಯಿ ಬಿಟ್ಟ.

"ಕುಂಬಾರ ಅಳತಾನ್ರಿ."

"ಹೂಂ."

"ಆವಿಗಿ ತೆಗೆದಾಗ ಒಡದದ್ದು ಕಂಡರ ಕೈಯಾಗ ಹಿಡಕೊಂಡು ಅಲ್ಲೇ ಕೂತುಬಿಡತೇನಿ. ಅಕಿ ಒಡದದ್ದನ್ನೂ ಒಗೀತಿದ್ದಿಲ್ಲ. ಕೋಳಿಗೆ ನೀರಿಡಾಕ ಇಟ್ಟುಕೋತಿದ್ದಳು."

"ಹೂಂ."

ಆಮೇಲೆ ಅವನ ಮಾತು ನಿಲ್ಲಲಿಲ್ಲ. ಕಲ್ಲವ್ವ ಪುರಾಣ ಕೇಳಿ ಮನೆಗೆ ಬಂದು, ಅವನಿಗೆ ಬಡಿಸುತ್ತ, ಅಂದಿನ ಕಥೆಯನ್ನೆಲ್ಲ ತಿರುಗಿ ಹೇಳುತ್ತಿದ್ದಳಂತೆ. ಇವನು ದಣಿದವನು. ತಲೆ ಎತ್ತದೆ ಉಣ್ಣುತ್ತಿದ್ದ. ಹೂಂ ಎನ್ನದಿದ್ದರೆ ಅವಳು ಕಥೆ ನಿಲ್ಲಿಸಿ, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಡುತ್ತಿದ್ದಳು. ಹೂಂ ಅಂದರೇ ಸಾರು. ಹಸಿವಿಗೆ ಹೂಂ ಎನ್ನುತ್ತಿದ್ದ. ಕಥೆ ಒಂದೂ ನೆನಪಿಲ್ಲ. ಈಗ ರೊಟ್ಟಿ ಪಕ್ಕದ ಮನೆಯಿಂದ ಬರುತ್ತದೆ. ಉಣ್ಣುವಾಗ ತಾನು ಅಗಿಯುವ ಸದ್ದು ತನಗೇ ಕೇಳುತ್ತದೆ. ಎಂದೂ ಪುರಾಣಕ್ಕೆ ಹೋಗದವನು ಈ ಸಲ ಮುಂದೆ ಹೋಗಿ ಕೂತದ್ದು, ಅವಳು ಅಷ್ಟು ಆಸೆಯಿಂದ ಕೇಳುತ್ತಿದ್ದದ್ದು ಏನು ಎಂದು ತಿಳಿದುಕೊಳ್ಳಲಿಕ್ಕೆ.

ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ಹೊಸ್ತಿಲು ಬಿಟ್ಟು ಹೋಗಿತ್ತು. ಶಾಸ್ತ್ರಿಗಳು ಕಣ್ಣೊರೆಸಿಕೊಂಡು, ಕೈಮುಗಿದು ಎದ್ದರು. ಅಷ್ಟು ಹೊತ್ತೂ ತಮ್ಮ ದನಿ ಹೇಗಿದೆ, ಯಾರು ಏನೆಂದುಕೊಂಡಾರು ಎಂಬ ಯೋಚನೆ ಅವರಿಗೆ ಬಂದಿರಲಿಲ್ಲ.

ಸಂಜೆ ಗುಡಿಯ ಪಡಸಾಲೆ ಅರ್ಧ ತುಂಬಿತ್ತು. ಬಸಲಿಂಗಪ್ಪ ಕರೆತಂದವರು ಕೆಲವರು. ಶಾಸ್ತ್ರಿಗಳ ಗಾಡಿ ಹೊರಡುವುದನ್ನು ನೋಡಲು ಬಂದವರು ಕೆಲವರು. ಸಾಂಬಲಿಂಗಜ್ಜನವರು ಬಂದು ಎಲ್ಲರ ಹಿಂದೆ ಗೋಡೆಗೆ ಒರಗಿ ಕೂತರು. ತಿಪ್ಪಣ್ಣನೂ ಬಂದ.

ಶಾಸ್ತ್ರಿಗಳು ಗದ್ದಿಗೆ ಏರಲಿಲ್ಲ. ಅದರ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಒಬ್ಬೊಬ್ಬರ ಮುಖ ನೋಡಿದರು. ಗಡಿಗೆಯ ಮಾತು ಆಡಿದ್ದು ತಪ್ಪು ಎಂದರು. ತಂದೆ ತೀರಿಕೊಂಡಾಗ ನಾನೂ ಅತ್ತೆ, ಅದನ್ನು ಮುಚ್ಚಿಟ್ಟುಕೊಂಡು ನಿಮಗೆ ಅಳಬೇಡಿ ಎಂದೆ ಎಂದರು. ಹೂಂಗುಟ್ಟಬೇಡಿ ಎಂದದ್ದೂ ತಪ್ಪೇ, ನಿಮ್ಮ ಹೂಂ ಇಲ್ಲದೆ ನನಗೆ ದಾರಿ ಕಾಣುವುದಿಲ್ಲ ಎಂದರು.

ಯಾರೂ ಹೂಂ ಎನ್ನಲಿಲ್ಲ. ಶಾಸ್ತ್ರಿಗಳು ದನಿ ಏರಿಸಲಿಲ್ಲ. ಕಾದರು.

"ಹೂಂ, ಹೇಳ್ರಿ ಮತ್ತ," ಎಂದಳು ನೀಲವ್ವ.

ಗಂಡನ ಜೀವವನ್ನು ಯಮನ ಕೈಯಿಂದ ಬಿಡಿಸಿ ತಂದ ಪತಿವ್ರತೆಯ ಕಥೆ ಶುರುವಾಯಿತು. ಶ್ಲೋಕ ಬರಲಿಲ್ಲ. ಮನೆಯಲ್ಲಿ ಆಡುವ ಮಾತು ಬಂತು. ಅಲ್ಲೊಂದು ಹೂಂ, ಇಲ್ಲೊಂದು ಹೂಂ. ಕಥೆ ಮುಗಿಯುವಾಗ ತಿಪ್ಪಣ್ಣ ಕೂತಲ್ಲಿಂದಲೇ ಕೇಳಿದ.

"ಸ್ವಾಮ್ಯಾರ, ಹೆಂಡತಿ ಗಂಡನ್ನ ತಂದಳು. ಗಂಡ ಹೆಂಡತೀನ ತಂದದ್ದು ಐತೇನ್ರಿ ಎಲ್ಲಿಯರ?"

ನಿನ್ನೆಯಾಗಿದ್ದರೆ ನಡುವೆ ಬಾಯಿ ಹಾಕಬೇಡ ಎನ್ನುತ್ತಿದ್ದರು. ಈಗ ಕಣ್ಣು ಮುಚ್ಚಿ ನೆನೆದರು. ಓದಿದ್ದೆಲ್ಲ ಯಾತಕ್ಕೆ ಬೇಕು ಎಂಬುದು ಅವರಿಗೆ ಅಂದು ತಿಳಿಯಿತು. ಐತಿ ಎಂದರು. ಒಬ್ಬ ಋಷಿಯ ಮಗ. ಅವನು ಮದುವೆಯಾಗಬೇಕಿದ್ದ ಹುಡುಗಿ ಹಾವು ಕಚ್ಚಿ ಸತ್ತಳು. ಅವನು ಅಡವಿಯಲ್ಲಿ ಕೂತು ಅತ್ತ. ನಿನ್ನ ಆಯುಷ್ಯದಲ್ಲಿ ಅರ್ಧ ಕೊಟ್ಟರೆ ಏಳುತ್ತಾಳೆ ಎಂದು ದೇವದೂತ ಹೇಳಿದ. ಕೊಟ್ಟ. ಹುಡುಗಿ ಎದ್ದಳು. ಇಬ್ಬರೂ ಸಂಸಾರ ಮಾಡಿದರು.

ತಿಪ್ಪಣ್ಣ ಕೂತಲ್ಲೇ ಮುಂದೆ ಸರಿದ.

"ನಾ ಪೂರಾ ಕೊಡತಿದ್ದೆ," ಎಂದ. "ನನ್ನ ಯಾರೂ ಕೇಳಲಿಲ್ಲ."

ಅದಕ್ಕೆ ಕೊಡುವ ಉತ್ತರ ಶಾಸ್ತ್ರದಲ್ಲಿ ಇತ್ತು. ಶಾಸ್ತ್ರಿಗಳು ಕೊಡಲಿಲ್ಲ. ಮೆಟ್ಟಿಲು ಇಳಿದು ಬಂದು ಅವನ ಪಕ್ಕ ಕೂತರು. ಅಂದಿನ ಪುರಾಣ ಅಲ್ಲಿಗೇ ನಿಂತಿತು. ಯಾರೂ ಎದ್ದು ಹೋಗಲಿಲ್ಲ. ಎಲ್ಲರ ಹಿಂದೆ ಅಜ್ಜನವರು ಕಣ್ಣು ಮುಚ್ಚಿ ಕೈಮುಗಿದಿದ್ದರು.

ಆ ಶ್ರಾವಣದ ಪುರಾಣ ಮಂಗಳವಾಯಿತು. ಶಾಸ್ತ್ರಿಗಳನ್ನು ಆಮೇಲೆ ಬಹಳ ಊರುಗಳು ಕರೆದವು. ಎಲ್ಲಿಗೆ ಹೋದರೂ ಅವರು ಒಂದು ದಿನ ಮುಂಚೆಯೇ ಹೋಗುತ್ತಿದ್ದರು. ಈ ವರ್ಷ ನಿಮ್ಮಲ್ಲಿ ಯಾರ ಮನೆಯಲ್ಲಿ ಸಾವಾಗಿದೆ ಎಂದು ವಿಚಾರಿಸುತ್ತಿದ್ದರು. ಆ ಮನೆಗೆ ಹೋಗಿ, ನೆಲದ ಮೇಲೆ ಕೂತು, ಕೇಳಿ ಬರುತ್ತಿದ್ದರು. ಮರುದಿನ ಜನ ಕೂಡಿದಾಗ ಶಾಸ್ತ್ರಿಗಳ ಕಣ್ಣು ಮೊದಲು ಆ ಮನೆಯವರನ್ನು ಹುಡುಕುತ್ತಿತ್ತು. ಅವರು ಬಂದು ಕೂತದ್ದು ಕಂಡ ಮೇಲೆಯೇ ಪುರಾಣಕ್ಕೆ ಬಾಯಿ ತೆರೆಯುತ್ತಿದ್ದರು.