ಯಾರ ಪಾಳಿಗೂ ಸೇರದ ತಿಂಗಳು

ಕಣ್ಣಿಗೆ ಪೊರೆ ಬಂದ ಮುದಿಕಾಗೆಯನ್ನು ಇಬ್ಬರು ಗಂಡುಮಕ್ಕಳು ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಯುಗಾದಿಯಿಂದ ಮಹಾಲಯ ಅಮಾವಾಸ್ಯೆಯವರೆಗೆ ಅವ್ವ ಹುಣಸೆಮರದಲ್ಲಿ, ಹಿರಿಮಗನ ಗೂಡಿನಲ್ಲಿ. ಆಶ್ವೀಜ ಹುಟ್ಟಿದ ಮೇಲೆ ಬೇವಿನಮರದಲ್ಲಿ, ಕಿರಿಮಗನ ಗೂಡಿನಲ್ಲಿ. ಇಬ್ಬರೂ ಮಾತಿಗೆ ತಪ್ಪಿದವರಲ್ಲ.

ಆ ವರ್ಷ ಅಧಿಕಮಾಸ ಬಂದು ಆಶ್ವೀಜ ಎರಡಾಯಿತು. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಹಿರಿಯ ಅವ್ವನನ್ನು ಎರಡು ಮರಗಳ ನಡುವಿನ ಮೋಟುಗೋಡೆಯ ಮೇಲೆ ತಂದು ಕೂರಿಸಿ ಕೂಗಿದ: “ತಮ್ಮಾ, ನನ್ನ ಪಾಳಿ ಮುಗಿಯಿತು. ಅವ್ವನನ್ನು ಕರೆದುಕೊಂಡು ಹೋಗು.”

“ಇದು ಅಧಿಕ ಆಶ್ವೀಜ ಅಣ್ಣಾ. ನನ್ನ ಪಾಳಿ ನಿಜ ಆಶ್ವೀಜದಿಂದ,” ಎಂದ ಕಿರಿಯ. “ಅವ್ವ ಬೇಡ ಅಂದೆನೇ? ಆಡಿದ ಮಾತಿನಂತೆ ನಡೆಯಲಿ ಅಂದೆ, ಅಷ್ಟೇ.”

“ಹಾಗಂತ ಈ ತಿಂಗಳನ್ನು ನನ್ನ ಪಾಳಿಗೆ ಅಂಟಿಸುತ್ತೀಯಾ?”

ಅವ್ವ ಕಾಣದ ಕಣ್ಣನ್ನು ಒಮ್ಮೆ ಹುಣಸೆಯತ್ತ, ಒಮ್ಮೆ ಬೇವಿನತ್ತ ತಿರುಗಿಸಿದಳು. ತನ್ನಿಂದ ಅಣ್ಣತಮ್ಮಂದಿರು ಕಚ್ಚಾಡುವುದನ್ನು ಕೇಳಿ ಅವಳಿಗೆ ಸಂಕಟವಾಯಿತು. “ಜಗಳ ಬೇಡ ಮಕ್ಕಳೇ. ಈ ಒಂದು ತಿಂಗಳು ನಾನು ಗೋಡೆಯ ಮೇಲೇ ಇರುತ್ತೇನೆ,” ಎಂದಳು.

ಅವ್ವನಷ್ಟು ತಿಳಿವಳಿಕೆ ಯಾರಿಗಿದೆ ಎಂದು ಹೊಗಳಿ ಇಬ್ಬರೂ ಹಗುರಾಗಿ ತಮ್ಮ ತಮ್ಮ ಮರಕ್ಕೆ ಹಾರಿದರು. ಆ ತಿಂಗಳು ಮಳೆ ಬಿಡಲಿಲ್ಲ. ಗೋಡೆಗೆ ಒಂದು ತುತ್ತು ಒಯ್ಯಲೂ ಇಬ್ಬರೂ ಅಳುಕಿದರು. ಒಯ್ದವನದೇ ಪಾಳಿ ಎಂದಾಗಿಬಿಟ್ಟರೆ?

ನಿಜ ಆಶ್ವೀಜದ ಮೊದಲ ಬೆಳಗಿಗೇ ಕಿರಿಯ ಅನ್ನದ ಅಗುಳು ಕಚ್ಚಿಕೊಂಡು ಬಂದ. ಅವ್ವ ಇರಲಿಲ್ಲ, ಗೋಡೆಯ ಬುಡದಲ್ಲಿ ನೆಂದ ಗರಿಗಳಿದ್ದವು. ಅಗುಳನ್ನು ಗೋಡೆಯ ಮೇಲಿಟ್ಟು ಅವನು ಕೂಗಿದ: “ಅಣ್ಣಾ, ನೀನೇ ಸಾಕ್ಷಿ. ನಾನು ಒಂದು ದಿನವೂ ತಡಮಾಡಲಿಲ್ಲ.”

“ನಾನೂ ಒಂದು ದಿನ ಮುಂಚೆ ಕಳಿಸಲಿಲ್ಲ,” ಎಂದ ಹಿರಿಯ, ಹುಣಸೆಮರದಿಂದ.