ಚಿಣ್ಣವ್ವನ ಮಗನೂ ಅವರಪ್ಪನ ರಿವಾಲ್ವರೂ

ಕೊಡಗಿನ ಚಿಣ್ಣವ್ವನಿಗೆ ಒಬ್ಬನೇ ಮಗ, ಉತ್ತಯ್ಯ. ಎತ್ತರ ಆರಡಿ, ತೋಳು ಬೀಟೆ ಮರದ ಕೊಂಬೆ, ಒಂದು ಹೊತ್ತಿಗೆ ಹನ್ನೆರಡು ಕಡುಬು. ಮಂಡೆಯೊಳಗೆ ಏನು ತುಂಬುವುದೆಂದು ದೇವರು ಯೋಚಿಸುತ್ತಿರುವಾಗಲೇ ಮಗು ಹುಟ್ಟಿಬಿಟ್ಟಿತು ಎಂದು ಊರವರು ಹೇಳುತ್ತಿದ್ದರು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಚಿಣ್ಣವ್ವನಿಗೆ ಅದೇ ತಲೆನೋವು.

ಅವಳ ಗಂಡ ಸುಬೇದಾರ. ತೀರಿಹೋಗುವಾಗ ಬಿಟ್ಟುಹೋದದ್ದು ಒಂದು ರಿವಾಲ್ವರ್. ಅದು ಹಳೇ ಕಾಲದ್ದು. ಪ್ರತಿ ಗುಂಡಿಗೂ ಹಿಂದಿನ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಆಮೇಲೆ ಟ್ರಿಗರ್ ಒತ್ತಬೇಕು. ಕೈಲ್ ಮುಹೂರ್ತ ಹಬ್ಬದಲ್ಲಿ ಆಯುಧಪೂಜೆ ಮುಗಿದ ಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರಲ್ಲ, ಅಲ್ಲಿ ಉಳಿದವರೆಲ್ಲ ಉದ್ದ ಕೋವಿ ಹಿಡಿದರೆ ಸುಬೇದಾರ ಈ ಗಿಡ್ಡ ರಿವಾಲ್ವರಿನಿಂದಲೇ ಕಾಯಿ ಒಡೆಯುತ್ತಿದ್ದ. ಉತ್ತಯ್ಯ ಮೂರು ವರ್ಷ ಹೊಡೆದ. ಮೂರು ವರ್ಷವೂ ಕಾಯಿ ನಗುತ್ತಾ ಕೂತಿತ್ತು.

ಸುಬೇದಾರನ ಅಣ್ಣ ಕಾಳಯ್ಯ, ಮನೆತನಕ್ಕೆಲ್ಲ ಯಜಮಾನನಾದ ಪಟ್ಟೇದಾರ, ಅಂಗಳಕ್ಕೆ ಬಂದು ನಿಂತ. "ಚಿಣ್ಣವ್ವ, ಕಾಯಿ ಒಡೆಯದವನ ಕೈಯಲ್ಲಿ ನನ್ನ ತಮ್ಮನ ರಿವಾಲ್ವರ್ ಯಾಕೆ? ಈ ಸಲವೂ ತಪ್ಪಿದರೆ ಅದು ನನ್ನ ಮನೆಗೆ."

"ತಪ್ಪುವುದಿಲ್ಲ ಭಾವ," ಎಂದಳು ಚಿಣ್ಣವ್ವ. ಅವನು ತಿರುಗಿ ಹೋದ ಮೇಲೆ ಸೆರಗು ಸೊಂಟಕ್ಕೆ ಬಿಗಿದಳು. "ಜೀವ ಹೋದರೂ ಕೊಡುವವಳಲ್ಲ ನಾನು!"

ರಿವಾಲ್ವರಿಗೆ ಎರಡು ರೋಗ. ನಳಿಗೆಯ ತುದಿಯ ಗುರಿಮೊನೆ ಎತ್ತರ, ಹಾಗಾಗಿ ಗುಂಡು ಕೆಳಗೆ ಬೀಳುತ್ತಿತ್ತು. ಟ್ರಿಗರ್ ಕಲ್ಲಿನ ಹಾಗೆ ಗಟ್ಟಿ, ಒತ್ತುವಾಗ ಕೈ ನಡುಗುತ್ತಿತ್ತು. ಪೇಟೆಯ ಕೋವಿ ರಿಪೇರಿಯವನು, "ಹಬ್ಬ ಮುಗಿಯಲಿ" ಎಂದುಬಿಟ್ಟ. ಸರಿ, ಮನೆಯಲ್ಲೇ ಮಾಡುವುದು!

"ಮಗ, ಅರ ತೆಗೆದುಕೋ. ಈ ಮೊನೆಯನ್ನು ಉಜ್ಜು. ನಾನು ಸಾಕು ಅನ್ನುವವರೆಗೂ ಉಜ್ಜು."

"ಆಯಿತು ಅವ್ವಾ!"

ಅಷ್ಟರಲ್ಲಿ ಹಂದಿ ಬೇಲಿ ಮುರಿಯಿತು. ಚಿಣ್ಣವ್ವ ಹಂದಿಯ ಹಿಂದೆ ಓಡಿದಳು, ಬೇಲಿ ಕಟ್ಟಿಸಿದಳು, ಸಂಜೆಗೆ ಬಂದಳು. ಉತ್ತಯ್ಯ ಬೆವರು ಸುರಿಸಿಕೊಂಡು ಉಜ್ಜುತ್ತಲೇ ಇದ್ದ.

"ಅಯ್ಯೋ, ಮೊನೆ ಎಲ್ಲಿ?"

"ನೀನು ಸಾಕು ಅನ್ನಲಿಲ್ಲವಲ್ಲ ಅವ್ವಾ!"

"ಪೆದ್ದ! ಒಂದು ಸಲ ಉಜ್ಜಬೇಕು, ಒಂದು ಗುಂಡು ಹೊಡೆದು ನೋಡಬೇಕು. ಮತ್ತೆ ಒಂದು ಸಲ ಉಜ್ಜಬೇಕು, ಮತ್ತೆ ಒಂದು ಗುಂಡು. ತಿಳಿಯಿತಾ?"

"ಒಂದು ಉಜ್ಜು, ಒಂದು ಗುಂಡು. ತಿಳಿಯಿತು!"

ಚಿಣ್ಣವ್ವ ಅಕ್ಕಸಾಲಿಯನ್ನು ಕಾಡಿ ಬೇಡಿ ಹಿತ್ತಾಳೆಯ ಹೊಸ ಮೊನೆ ಬೆಸೆಯಿಸಿ ತಂದಳು. ಮಾರನೆಯ ದಿನ ಹಬ್ಬದ ಕೆಲಸ ಶುರು. "ಮಗ, ತೂಗುದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜು," ಎಂದು ಹೇಳಿ ತೋಟಕ್ಕೆ ಹೋದಳು.

ಉತ್ತಯ್ಯ ದೀಪವನ್ನು ಒಂದು ಸಲ ಉಜ್ಜಿದ. ಆಕಾಶಕ್ಕೆ ಒಂದು ಗುಂಡು ಹೊಡೆದ. ಢಂ! ಮತ್ತೆ ಒಂದು ಸಲ ಉಜ್ಜಿದ. ಢಂ!

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು. ಮೊದಲನೆಯ ಢಂ ಕೇಳಿ ಮೇಲಿನ ಮನೆಯ ಬೋಜವ್ವ ತುಪ್ಪದ ಗಿಂಡಿ ಹಿಡಿದು ಹೊರಟಳು. ಎರಡನೆಯದು ಕೇಳಿ ಕೆಳಗಿನ ಮನೆಯವರು ಬಿಳಿ ಉಟ್ಟು ಎದೆ ಬಡಿದುಕೊಂಡು ಹೊರಟರು. ಎರಡೂ ಮನೆಯವರು ಚಿಣ್ಣವ್ವನ ಗೇಟಿನಲ್ಲಿ ಎದುರಾದರು.

"ಯಾರಿಗೆ ಮಗು ಹುಟ್ಟಿದ್ದು?"

"ಥೂ, ಮಗು ಎಂತದು! ಚಿಣ್ಣವ್ವ ಹೋದಳಂತೆ!"

ಹೋದ ಚಿಣ್ಣವ್ವ ತೋಟದಿಂದ ಓಡಿ ಬಂದಳು. ಅಳುತ್ತಿದ್ದವರು ಕಿರುಚಿದರು. ತುಪ್ಪ ನೆಲದ ಪಾಲಾಯಿತು. ಉತ್ತಯ್ಯ ಮಾತ್ರ ದೀಪವನ್ನು ಮೂರನೆಯ ಸಲ ಉಜ್ಜುತ್ತಿದ್ದ.

ಅವಳು ರಿವಾಲ್ವರ್ ಕಿತ್ತುಕೊಂಡಳು. "ಪೆದ್ದ! ಶುದ್ಧ ಪೆದ್ದ! ಗುಂಡು ಹೊಡೆಯುವ ಮೊದಲು ಮನೆ ಮನೆಗೆ ಹೋಗಿ, ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ, ಹೆದರಬೇಡಿ ಎಂದು ಹೇಳಿ ಬರಬೇಕು!"

"ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ತಿಳಿಯಿತು ಅವ್ವಾ!"

ನಾಲ್ಕೇ ದಿನಕ್ಕೆ ಕಾಳಯ್ಯನ ಮಗಳು ಗಂಡು ಹೆತ್ತಳು. ಕಾಳಯ್ಯನ ಕೋವಿ ಹಬ್ಬದ ಶುಚಿಗೆಂದು ಬಿಚ್ಚಿ ಹರಡಿತ್ತು. ಅವನು ಬೇಲಿಯಾಚೆಯಿಂದ ಕೂಗಿದ: "ಉತ್ತಯ್ಯಾ, ಮೊಮ್ಮಗ ಹುಟ್ಟಿದ! ನಿನ್ನಪ್ಪನ ರಿವಾಲ್ವರ್ ತೆಗೆ, ಊರಿಗೆಲ್ಲ ಕೇಳುವ ಹಾಗೆ ಒಂದು ಗುಂಡು ಹೊಡಿ!"

ಉತ್ತಯ್ಯ ಮೊದಲು ಹನ್ನೊಂದು ಮನೆ ಸುತ್ತಿದ. ಹನ್ನೊಂದು ಮನೆಯಲ್ಲೂ ಹೇಳಿದ: "ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ, ಹೆದರಬೇಡಿ." ಆಮೇಲೆ ಬಂದು ಹೊಡೆದ. ಢಂ!

ಕಾಳಯ್ಯ ಮೀಸೆ ತಿರುವಿಕೊಂಡು ಬಾಗಿಲಲ್ಲಿ ಕೂತ. ನಲವತ್ತು ಜನರಿಗೆ ಕಾಫಿ ಕಾದಿತ್ತು. ಒಂದು ನರಪಿಳ್ಳೆಯೂ ಬರಲಿಲ್ಲ. ಕಾಫಿ ಆರಿತು, ಕಾಳಯ್ಯ ಕುದಿದ.

"ನನ್ನ ಮೊಮ್ಮಗ ಹುಟ್ಟಿಯೇ ಇಲ್ಲವಂತೆ ಚಿಣ್ಣವ್ವ! ಊರೆಲ್ಲ ಹೇಳಿ ಬಂದಿದ್ದಾನೆ ನಿನ್ನ ಮಗ! ಹಬ್ಬದ ದಿನ ರಿವಾಲ್ವರ್ ಒರೆಸಿ ಇಟ್ಟಿರು, ನಾನೇ ಬಂದು ಒಯ್ಯುತ್ತೇನೆ!"

ಚಿಣ್ಣವ್ವ ತಲೆ ತಗ್ಗಿಸಿದಳು. ಅವನು ಹೋದ ಮೇಲೆ ಮಗನ ಕಿವಿ ಹಿಡಿದಳು. "ಶುಭ ನಡೆದಾಗ ಕಂಬದ ಹಾಗೆ ನಿಲ್ಲುತ್ತಾರೇನೋ? ಗುಂಡು ಹೊಡೆದ ಕೂಡಲೇ ದೊಡ್ಡಪ್ಪನ ಕಾಲು ಮುಟ್ಟಬೇಕು. ಕೈಯಲ್ಲಿ ಏನಿದೆಯೋ ಅದನ್ನು ಅವರ ಕೈಗಿಟ್ಟು, ಇದು ನಿಮ್ಮದೇ ಎನ್ನಬೇಕು. ಅದು ಮರ್ಯಾದೆ!"

"ಕಾಲು ಮುಟ್ಟಬೇಕು, ನಿಮ್ಮದೇ ಎನ್ನಬೇಕು. ತಿಳಿಯಿತು!"

ಹಬ್ಬಕ್ಕೆ ಇನ್ನು ಐದೇ ದಿನ. ಚಿಣ್ಣವ್ವ ಹಲ್ಲು ಕಚ್ಚಿ ಕೂತಳು. ಒಳಗೆ ಗುಂಡು ಉಳಿದಿಲ್ಲವೆಂದು ಎರಡೆರಡು ಸಲ ನೋಡಿ, ರಿವಾಲ್ವರನ್ನು ತಾನೇ ಬಿಚ್ಚಿದಳು. ಒಳಗೆ ಗಂಡನ ಕಾಲದ ಗ್ರೀಸು ಟಾರಿನ ಹಾಗೆ ಕಟ್ಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದಳು, ಒರೆಸಿದಳು, ಒಂದು ತೊಟ್ಟು ಎಣ್ಣೆ ಮುಟ್ಟಿಸಿದಳು. ಟ್ರಿಗರ್ ಹಗುರವಾಯಿತು. ಆಮೇಲೆ ಹನ್ನೊಂದು ಮನೆಗೂ ತಾನೇ ಹೋಗಿ ಹೇಳಿ ಬಂದು, ಮಗನನ್ನು ಗದ್ದೆಗೆ ಎಳೆದುಕೊಂಡು ಹೋಗಿ, ಪಕ್ಕದಲ್ಲೇ ಮಣೆ ಹಾಕಿಕೊಂಡಳು. ಅವನು ಹೊಸ ಮೊನೆಯನ್ನು ಒಂದು ಸಲ ಉಜ್ಜಿದ, ಒಂದು ಗುಂಡು ಹೊಡೆದ. ಅವಳು ನೋಡಿದಳು. ಏಳನೆಯ ಗುಂಡಿಗೆ ದಿಣ್ಣೆಯ ಮೇಲಿಟ್ಟ ಕುಂಬಳಕಾಯಿ ಸಿಡಿಯಿತು.

"ಸಾಕು!" ಎಂದಳು ಚಿಣ್ಣವ್ವ. ಈ ಸಲ ಮರೆಯದೆ ಎಂದಳು.

ಹಬ್ಬದ ದಿನ ಊರಿಗೆ ಊರೇ ಮೈದಾನದಲ್ಲಿ. ಕಾಯಿ ಮರದ ತುದಿಯಲ್ಲಿ. ಉದ್ದ ಕೋವಿಯವರು ಹೊಡೆದರು, ಕಾಯಿ ಅಲುಗಲಿಲ್ಲ. ಕಾಳಯ್ಯನ ಮಗ ಹೊಡೆದ, ಎರಡು ಎಲೆ ಉದುರಿದವು.

"ಈಗ ಚಿಣ್ಣವ್ವನ ಮಗ! ಯಾರೂ ಹುಟ್ಟಿಲ್ಲ, ಹೆದರಬೇಡಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಚಿಣ್ಣವ್ವ ನಗಲಿಲ್ಲ. "ಉಸಿರು ಹಿಡಿ ಮಗ. ಮೆಲ್ಲಗೆ ಒತ್ತು."

ಉತ್ತಯ್ಯ ಕುದುರೆ ಎಳೆದ. ಉಸಿರು ಹಿಡಿದ. ಮೆಲ್ಲಗೆ ಒತ್ತಿದ. ಢಂ! ಕಾಯಿ ಎರಡು ಹೋಳು! ಕಾಯಿನೀರು ಜನರ ತಲೆಯ ಮೇಲೆ ಸುರಿಯಿತು.

"ಹೊಡೆದ! ಸುಬೇದಾರನ ಮಗ ಹೊಡೆದ!"

ಕಾಳಯ್ಯನ ಮುಖ ಹುಣಸೆಹಣ್ಣು. "ಸರಿ. ಊರೆಲ್ಲ ಕೇಳಿ. ರಿವಾಲ್ವರ್ ಚಿಣ್ಣವ್ವನ ಮನೆಯದೇ, ಇನ್ನು ಆ ಮಾತು ನಾನು ಎತ್ತುವುದಿಲ್ಲ."

ಚಿಣ್ಣವ್ವನ ಕಣ್ಣು ತುಂಬಿತು. ಆ ತುಂಬಿದ ಕಣ್ಣಿಂದಲೇ ಅವಳು ನೋಡಿದಳು: ಮಗ ಜನರನ್ನು ಸೀಳಿಕೊಂಡು ಓಡಿದ. ದೊಡ್ಡಪ್ಪನ ಮುಂದೆ ನಿಂತ. ಬಗ್ಗಿ ಕಾಲು ಮುಟ್ಟಿದ. ಕೈಯಲ್ಲಿದ್ದ ರಿವಾಲ್ವರನ್ನು ಅವನ ಎರಡೂ ಕೈಗಳಲ್ಲಿ ಇಟ್ಟ.

"ದೊಡ್ಡಪ್ಪ, ಇದು ನಿಮ್ಮದೇ!"

ಉತ್ತಯ್ಯ ಅವ್ವನ ಕಡೆ ತಿರುಗಿದ. ಮುಖದ ತುಂಬ ನಗು.

"ಅವ್ವಾ, ಈ ಸಲ ಒಂದೂ ತಪ್ಪಲಿಲ್ಲ, ಅಲ್ಲವಾ?"

ಚಿಣ್ಣವ್ವ ಹಣೆ ಚಚ್ಚಿಕೊಂಡಳು. ಉತ್ತರ ಕೊಟ್ಟವನು ಕಾಳಯ್ಯ.

"ಒಂದೂ ತಪ್ಪಲಿಲ್ಲ ಮಗ!" ಎನ್ನುತ್ತಾ ರಿವಾಲ್ವರನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ.